ದಫ್ತರ ಕಿತ್ತುಕೊಂಡವರು

ಸರ್ಕಾರ ಎಲ್ಲಿದೆ ಅಂತ ಕೇಳಿದರೆ ನಮ್ಮ ದೊಡ್ಡಬಳ್ಳಾಪುರದ ಕಡೆಯವರು ತಾಲ್ಲೂಕು ಕಚೇರಿಗೆ ಕೈ ತೋರಿಸುತ್ತಾರೆ. ಪಹಣಿ, ಖಾತೆ, ಕಂದಾಯ, ಒಂದು ಸೀಲು, ಅಷ್ಟೇ. ವಿಧಾನಸೌಧ ಆಮೇಲಿನ ಮಾತು. ಶಿಕಾರಿಪುರ ತಾಲ್ಲೂಕಿನ ಈಸೂರಿನವರಿಗೂ 1942ರಲ್ಲಿ ಇದು ಚೆನ್ನಾಗಿ ಗೊತ್ತಿತ್ತು ಅನಿಸುತ್ತೆ.

ಕ್ವಿಟ್ ಇಂಡಿಯಾ ಕರೆ ಬಂದ ಮರುತಿಂಗಳೇ ಆ ಊರಿನವರು ಕಂದಾಯ ಕೊಡಲ್ಲ ಅಂದರು. ವಸೂಲಿಗೆ ಬಂದವರ ಕೈಯಿಂದ ಲೆಕ್ಕದ ಪುಸ್ತಕ ಕಿತ್ತುಕೊಂಡರು. ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಏರಿಸಿ, ತಮ್ಮದೇ ಸರ್ಕಾರ ಅಂತ ಸಾರಿದರು. ಅಮಲ್ದಾರ ಜಯಣ್ಣ, ಸಬ್ ಇನ್‌ಸ್ಪೆಕ್ಟರ್ ಮಲ್ಲಪ್ಪ. ಇಬ್ಬರೂ ಚಿಕ್ಕ ಹುಡುಗರು! ಎಳೆಯರನ್ನು ಜೈಲಿಗೆ ಹಾಕೋಕಾಗಲ್ಲ ಅನ್ನೋದು ಹಿರಿಯರ ಲೆಕ್ಕಾಚಾರ. ಮಕ್ಕಳಾಟ ಅನ್ನಬೇಡಿ. ದಫ್ತರ, ಕಂದಾಯ, ಪೊಲೀಸು ಮೂರನ್ನೂ ಗುರುತಿಸಿ ಕೈ ಹಾಕಿದ್ದರು.

ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರರು ಪೊಲೀಸರೊಂದಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಅಂತ ಶುರುವಾದದ್ದು ಹೊಡೆದಾಟವಾಗಿ, ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಸತ್ತರು. ಆಮೇಲೆ ಊರಿನ ಮೇಲೆ ಪಡೆ ಬಿತ್ತು. 1943ರ ಮಾರ್ಚ್‌ನಲ್ಲಿ ಐವರನ್ನು ನೇಣಿಗೆ ಹಾಕಿದರು: ಗುರಪ್ಪ, ಮಲ್ಲಪ್ಪ (ಆ ಹುಡುಗನಲ್ಲ, ಬೇರೆಯವರು), ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಹಾಕಿದ್ದು ಬ್ರಿಟಿಷರಲ್ಲ, ನಮ್ಮದೇ ಮೈಸೂರು ಸರ್ಕಾರ. ಈ ಮಾತನ್ನು ನಾವು ಸ್ವಲ್ಪ ಮೆಲ್ಲಗೇ ಹೇಳುತ್ತೇವೆ.

ಅದೇ ವರ್ಷ ನವೆಂಬರ್ 29ರಂದು, ಜರ್ಮನ್ನರು ಹಿಡಿದಿದ್ದ ಯುಗೊಸ್ಲಾವಿಯದಲ್ಲಿ, ಬೋಸ್ನಿಯದ ಯಾಯ್ಸೆ ಎಂಬ ಸಣ್ಣ ಪಟ್ಟಣದಲ್ಲಿ ಟಿಟೋನ ಗೆರಿಲ್ಲಾ ಪ್ರತಿನಿಧಿಗಳು ಸೇರಿದರು. ಅವರೂ ಮೇಲಿಂದ ಶುರುಮಾಡಿದವರಲ್ಲ. ಗೆದ್ದುಕೊಂಡ ಹಳ್ಳಿಗಳಲ್ಲಿ ಧಾನ್ಯ, ಶಾಲೆ, ನ್ಯಾಯ ನೋಡಿಕೊಳ್ಳೋ ಸಮಿತಿ ಕಟ್ಟಿ, ಅದರ ಮೇಲೆ ಮಂಡಳಿ ಕಟ್ಟಿದ್ದರು. ಆ ರಾತ್ರಿ ತಾತ್ಕಾಲಿಕ ಸರ್ಕಾರ ನೇಮಿಸಿ, ದೇಶ ಬಿಟ್ಟುಹೋಗಿದ್ದ ರಾಜ ಸದ್ಯಕ್ಕೆ ವಾಪಸ್ ಬರಕೂಡದು ಅಂದರು. ಮುಂದಿನ ದೇಶ ಒಕ್ಕೂಟವಾಗಿರಬೇಕು ಅಂತಲೂ ನಿರ್ಧರಿಸಿದರು. ಯುದ್ಧ ಮುಗಿಯೋವರೆಗೂ ಕಾಯಲಿಲ್ಲ ಯಾಕೆ? ಸರ್ಬರು, ಕ್ರೊವಾಟರು, ಮುಸ್ಲಿಮರು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಕಾಲ ಅದು. ಗೆದ್ದ ಮೇಲೆ ಯಾರೂ ಯಾರ ಆಳಲ್ಲ ಅನ್ನೋ ಮಾತು ಮೊದಲೇ ಕೊಡದಿದ್ದರೆ ಜೊತೆಗೆ ಯಾರು ನಿಲ್ಲುತ್ತಿದ್ದರು?

ಈಸೂರಿನ ಬಗ್ಗೆ ಓದುವಾಗೆಲ್ಲ ನಾನು ಸುತ್ತಲಿನ ಹಳ್ಳಿಗಳನ್ನು ಹುಡುಕುತ್ತೇನೆ. ಆ ಪುಟ್ಟ ಅಮಲ್ದಾರನ ಜೊತೆ ಸೇರಿ ಮಾತಾಡೋಕೆ ಇನ್ನೊಂದು ಊರಿನ ಅಮಲ್ದಾರ ಇರಲಿಲ್ಲ. ಇಡೀ ಪಡೆ ಬಂದು ಬಿದ್ದದ್ದು ಒಂದೇ ಊರಿನ ಮೇಲೆ.