ತೆರೆಯ ಮೇಲೆ ನಮ್ಮ ಮಾತು: ಕೊಟ್ಟೂರು ಸೀಮೆಯ ನೋಡುಗನೊಬ್ಬನ ಟಿಪ್ಪಣಿಗಳು

1

ಸಾಹಿತ್ಯ ಕೃತಿಯ ಓದುಗನನ್ನು ಕುರಿತು ನಮ್ಮ ವಿಮರ್ಶೆ ಸಾಕಷ್ಟು ಚಿಂತಿಸಿದೆ. ಕಾವ್ಯಮೀಮಾಂಸೆಯ ಸಹೃದಯನಿಂದ ಮೊದಲುಗೊಂಡು ಈಚಿನ ವಾಚಕ ಸ್ಪಂದನ ಸಿದ್ಧಾಂತದವರೆಗೆ ಅವನಿಗೊಂದು ಗೌರವದ ಸ್ಥಾನವಿದೆ. ದೂರದರ್ಶನದ ಮುಂದೆ ಕುಳಿತವರಿಗೆ ಈ ಗೌರವ ದೊರೆತಂತಿಲ್ಲ. ಅವರನ್ನು ನಾವು ಮಾಧ್ಯಮದ ಮೋಡಿಗೆ ಒಳಗಾದ ಮುಗ್ಧರೆಂದೋ ಮಾರುಕಟ್ಟೆಯ ಲೆಕ್ಕಕ್ಕೆ ಸಿಗುವ ತಲೆಗಳೆಂದೋ ನೋಡುತ್ತ ಬಂದಿದ್ದೇವೆ. ವಿಚಾರ ಸಂಕಿರಣಗಳಲ್ಲಿ ನಾನೂ ಇದೇ ಧಾಟಿಯಲ್ಲಿ ಪ್ರಬಂಧ ಮಂಡಿಸಿದ್ದೇನೆ. ಈ ಬರಹ ಆ ಧಾಟಿಯದಲ್ಲ. ಕೊಟ್ಟೂರಿನ ಮನೆಯೊಂದರ ಪಡಸಾಲೆಯಲ್ಲಿ ಅವ್ವನ ಪಕ್ಕ ಕುಳಿತು ಧಾರಾವಾಹಿ, ಸಿನಿಮಾ, ಸುದ್ದಿ, ಹಾಸ್ಯ ಎಲ್ಲವನ್ನೂ ನೋಡಿದವನೊಬ್ಬನ ಅನಿಸಿಕೆಗಳು ಇಲ್ಲಿವೆ. ಸಿದ್ಧಾಂತದ ಬೆಂಬಲವಿಲ್ಲದ ಅನಿಸಿಕೆಗಳನ್ನು ಇಂಥ ಪತ್ರಿಕೆಯಲ್ಲಿ ಮುಂದಿಡುವಾಗ ಹಿಂಜರಿಕೆ ಇದ್ದೇ ಇದೆ. ಆದರೆ ನನ್ನ ಓದು ಮತ್ತು ನನ್ನ ನೋಟ ಎದುರುಬದುರಾದ ಒಂದೆರಡು ಗಳಿಗೆಗಳನ್ನು ಮರೆಮಾಚಿ ಮುಂದೆ ಬರೆಯುವುದು ನನ್ನಿಂದ ಸಾಧ್ಯವಾಗಲಿಲ್ಲ.

2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ನಾನು ಪುಸ್ತಕದ ಚೀಲದೊಂದಿಗೆ ಊರಿಗೆ ಬಂದೆ. ಗ್ರಂಥಾಲಯವಿರಲಿಲ್ಲ, ಕ್ಷೇತ್ರಕಾರ್ಯವಿರಲಿಲ್ಲ. ಇದ್ದದ್ದು ಒಂದು ಟಿವಿ, ಅದರ ಮುಂದೆ ಅವ್ವ. ಸಂಜೆಯ ಧಾರಾವಾಹಿಗಳನ್ನು ಆಕೆ ಬಾಯಿ ಮುಚ್ಚಿಕೊಂಡು ನೋಡುವವಳಲ್ಲ. ಆಭರಣ ತೊಟ್ಟು ಅಡುಗೆಮನೆಯಲ್ಲಿ ನಿಂತ ಸೊಸೆಯನ್ನು ಕಂಡು, "ಇಷ್ಟು ಬಂಗಾರ ಹಾಕ್ಕೊಂಡು ಯಾರು ಒಲಿ ಮುಂದ ಕುಂದರ್ತಾರ? ಈಕಿ ರೊಟ್ಟಿ ಬಡದಾಕಿ ಅಲ್ಲ, ಕೈ ನೋಡಿದ್ರ ಗೊತ್ತಾಗ್ತೈತಿ" ಎನ್ನುತ್ತಾಳೆ. ಅತ್ತೆ ವಿಷ ಬೆರೆಸುವ ದೃಶ್ಯದಲ್ಲಿ ಎದ್ದುಹೋಗಿ ಸಾರಿಗೆ ಒಗ್ಗರಣೆ ಹಾಕಿ ಬರುತ್ತಾಳೆ. ಅಷ್ಟರೊಳಗೆ ಸೊಸೆ ಹಾಲಿನ ಲೋಟವನ್ನು ಬಾಯಿಯ ಬಳಿಗೂ ಒಯ್ದಿರುವುದಿಲ್ಲ ಎಂಬುದು ಆಕೆಗೆ ತಿಳಿದಿದೆ. ದೊಡ್ಡಾಟದ ಮುಂದೆ ರಾತ್ರಿಯಿಡೀ ಕುಳಿತು, ಸಾರಥಿಯನ್ನು ಮಾತಿಗೆಳೆದು, ವೇಷದ ಬಣ್ಣ ಕರಗಿದ್ದನ್ನು ಗುರುತಿಸಿ, ಆದರೂ ಕಥೆಗೆ ಕಣ್ಣೀರು ಹಾಕುತ್ತಿದ್ದ ಪರಂಪರೆಯ ನೋಟವಿದು. ನಂಬುವುದು ಮತ್ತು ನಂಬದಿರುವುದು ಎರಡೂ ಅಲ್ಲಿ ಒಟ್ಟಿಗೆ ನಡೆಯುತ್ತವೆ. ನನ್ನ ಪ್ರಬಂಧಗಳಲ್ಲಿದ್ದ 'ಮುಗ್ಧ ವೀಕ್ಷಕಿ' ನಮ್ಮ ಪಡಸಾಲೆಯಲ್ಲಿ ಇರಲಿಲ್ಲ.

2

ಆ ದಿನಗಳಲ್ಲೇ ಒಂದು ರಾತ್ರಿ ಖಾಸಗಿ ವಾಹಿನಿಯೊಂದರ ಹಾಸ್ಯ ಕಾರ್ಯಕ್ರಮ ನಡೆದಿತ್ತು. ಇಳಕಲ್ ಸೀರೆಯುಟ್ಟು, ಹಣೆ ತುಂಬ ಕುಂಕುಮವಿಟ್ಟ ಹೆಂಗಸಿನ ವೇಷದಲ್ಲಿ ನಟನೊಬ್ಬ ವೇದಿಕೆಗೆ ಬಂದ. "ಏನ್ ಮಾಡಾಕತ್ತೀರಿ" ಎಂದು ಎಳೆದು ಕೇಳಿದ್ದೇ ತಡ, ತೀರ್ಪುಗಾರರು ಮೇಜು ಕುಟ್ಟಿ ನಕ್ಕರು. ನಾನೂ ನಕ್ಕೆ. ಅವ್ವ ನನ್ನತ್ತ ತಿರುಗಿ ಕೇಳಿದಳು: "ಆತ ಇನ್ನೂ ಏನೂ ಹೇಳೇ ಇಲ್ಲ. ನಮ್ಮಂಗ ಮಾತಾಡಿದ್ರ ನಗಾಕ ಏನೈತಿ?"

ನನ್ನಲ್ಲಿ ಉತ್ತರವಿರಲಿಲ್ಲ. ಪ್ರಾದೇಶಿಕ ಭಾಷಾಪ್ರಭೇದಗಳ ಕುರಿತು ಟಿಪ್ಪಣಿ ಬರೆದು ಅಂಕ ಪಡೆದವನು ನಾನು. ಶಿಷ್ಟ ಭಾಷೆಯ ಯಜಮಾನಿಕೆಯನ್ನು ಪ್ರಶ್ನಿಸುವ ಲೇಖನಗಳನ್ನು ಓದಿ ಅಡಿಗೆರೆ ಎಳೆದವನು. ಆ ಓದೆಲ್ಲ ಇದ್ದೂ, ನನ್ನ ತಾಯಿಯ ಮಾತು ತೆರೆಯ ಮೇಲೆ ಬಂದೊಡನೆ ಅದು ಜೋಕೆಂದು ನನ್ನ ಮೈ ತಾನಾಗಿ ತೀರ್ಮಾನಿಸಿತ್ತು. ಆ ನಗೆಯನ್ನು ನಾನು ಎಲ್ಲಿ ಕಲಿತೆ ಎಂಬುದು ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ.

ಹಾಸ್ಯ ಬೇಡವೆಂದಲ್ಲ. ಬೀಚಿಯವರ ಜಿಲ್ಲೆಯವರು ನಾವು, ಹರಪನಹಳ್ಳಿ ಅವರ ಹುಟ್ಟೂರು. ಇಲ್ಲಿ ಪ್ರಶ್ನೆಯಿರುವುದು ಹಾಸ್ಯ ಯಾವುದರಿಂದ ಹುಟ್ಟುತ್ತದೆ ಎಂಬುದರಲ್ಲಿ. ಸಂದರ್ಭದಿಂದ, ಬುದ್ಧಿಯಿಂದ ಹುಟ್ಟಿದ ನಗೆ ಬೇರೆ. ಕೇವಲ ಉಚ್ಚಾರದಿಂದ ಹುಟ್ಟಿಸಿದ ನಗೆ ಬೇರೆ. ಇದಕ್ಕೆ ಇನ್ನೊಂದು ಮುಖವೂ ಇದೆ. ಕಿರುತೆರೆಯ 'ಉತ್ತರ ಕರ್ನಾಟಕ ಭಾಷೆ' ಎಂಬುದು ಯಾವ ಊರಿನದೂ ಅಲ್ಲ. ಹುಬ್ಬಳ್ಳಿ-ಧಾರವಾಡದ ಮಾತಿನ ಒಂದೆರಡು ಪ್ರತ್ಯಯಗಳಿಗೆ ಸಾಲುಸಾಲು 'ರೀ' ಸೇರಿಸಿ ಕಟ್ಟಿದ ಕೃತಕ ರೂಪವದು. ತುಂಗಭದ್ರೆಯ ದಂಡೆಯ ಹಡಗಲಿಯಲ್ಲಿ 'ಐತಿ' ಎಂದು ಕೇಳಿದ ಕಿವಿಗೆ ಚಿತ್ರದುರ್ಗದ ಗಡಿಗೆ ಹತ್ತಿದ ಕೂಡ್ಲಿಗಿಯ ಹಳ್ಳಿಗಳಲ್ಲಿ 'ಐತೆ' ಕೇಳಿಸುತ್ತದೆ. ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ತಾಂಡಾಗಳಲ್ಲಿ ಲಂಬಾಣಿ ಮನೆಮಾತಿನ ಮೇಲೆ ಕನ್ನಡ ಬೇರೊಂದು ಲಯದಲ್ಲಿ ಕೂರುತ್ತದೆ. ಈ ಸೀಮೆ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಕಂದಾಯ ಇಲಾಖೆಗೇ ನಮ್ಮ ವಿಳಾಸ ಇಷ್ಟು ಸಲ ಬದಲಾಗಿರುವಾಗ ಸಂಭಾಷಣೆ ಬರೆಯುವವರನ್ನಷ್ಟೇ ದೂರುವುದು ನ್ಯಾಯವಲ್ಲವೇನೋ.

3

ನಗೆಯ ಹೊರತಾಗಿ ನಮ್ಮ ಸೀಮೆ ತೆರೆಯ ಮೇಲೆ ಕಾಣಿಸಿಕೊಳ್ಳುವ ಇನ್ನೊಂದು ಸಂದರ್ಭ ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ. ಭರತ ಹುಣ್ಣಿಮೆಯ ಆ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಎಂದೊಡನೆ ನೆರೆದ ಜನಸಾಗರ ಒಮ್ಮೆಲೇ ಮೌನವಾಗುತ್ತದೆ. ನಾನು ಆ ಗುಂಪಿನಲ್ಲಿ ನಿಂತಿದ್ದೇನೆ. ನುಡಿಯುವ ಒಂದು ಸಾಲಿಗಿಂತ ಅದಕ್ಕೆ ಮೊದಲಿನ ಮೌನ ದೊಡ್ಡದು. ಸುದ್ದಿವಾಹಿನಿಯಲ್ಲಿ ಇದನ್ನೇ ನೋಡಿದಾಗ ಮೊದಲು ಕಳೆದುಹೋದದ್ದು ಆ ಮೌನ. ಅದರ ಮೇಲೆ ನಿರೂಪಕರ ಧ್ವನಿ, ಹಿನ್ನೆಲೆಯ ಅಬ್ಬರದ ಸಂಗೀತ, ಮಿನುಗುವ ಅಕ್ಷರಗಳು. ಬಳಿಕ ಆ ಸಾಲು ಯಾವ ಪಕ್ಷಕ್ಕೆ, ಯಾವ ಮುಖ್ಯಮಂತ್ರಿಗೆ ಅನ್ವಯಿಸುತ್ತದೆಂಬ ಚರ್ಚೆ. ನಮ್ಮಲ್ಲಿ ಜನ ಕಾರ್ಣಿಕವನ್ನು ಮಳೆಗೆ, ಬೆಳೆಗೆ, ಜೋಳದ ಧಾರಣೆಗೆ ಹೊಂದಿಸಿಕೊಂಡು ದಾರಿಯುದ್ದಕ್ಕೂ ಮಾತಾಡುತ್ತ ಊರು ಸೇರುತ್ತಾರೆ. ಹತ್ತು ಜನರಲ್ಲಿ ಹತ್ತು ಅರ್ಥ. ವಾಹಿನಿ ಆ ಹತ್ತನ್ನೂ ಅಳಿಸಿ ಒಂದನ್ನು ಉಳಿಸುತ್ತದೆ. ಜನಪದ ಪಠ್ಯದ ಬಹುಪಾಠಗಳ ಬಗೆಗೆ ಬರೆಯುವ ನಮಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಸಿನಿಮಾದಲ್ಲಿ ಪರಿಸ್ಥಿತಿ ಸ್ವಲ್ಪ ಭಿನ್ನ. ರಾಮ್ ರೆಡ್ಡಿಯವರ 'ತಿಥಿ'ಯಲ್ಲಿ ಮಂಡ್ಯದ ಹಳ್ಳಿಯ ಜನರೇ ತಮ್ಮ ಮಾತಿನಲ್ಲಿ ಮಾತಾಡಿದರು. 'ಒಂದು ಮೊಟ್ಟೆಯ ಕಥೆ' (2017) ಮಂಗಳೂರಿನ ಕನ್ನಡವನ್ನು ನಾಯಕನ ಬಾಯಿಗಿತ್ತಿತು. 'ಕಾಂತಾರ' (2022) ಕರಾವಳಿಯ ಮಾತನ್ನು ನಾಡಿನಾಚೆಗೂ ಒಯ್ದಿತು. ಇವನ್ನು ನೋಡುವಾಗ ನನ್ನಲ್ಲಿ ಮೆಚ್ಚುಗೆಯ ಜೊತೆಗೆ ಸಣ್ಣ ಹೊಟ್ಟೆಕಿಚ್ಚೂ ಇತ್ತೆಂದು ಒಪ್ಪಿಕೊಳ್ಳಬೇಕು. ಆ ಕಿಚ್ಚನ್ನು ಕೊಂಚ ತಣಿಸಿದ್ದು ಉತ್ಸವ್ ಗೋನವಾರ ಅವರ 'ಫೋಟೋ'. ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳುವ ಆಸೆ ಹೊತ್ತ ರಾಯಚೂರು ಕಡೆಯ ಬಾಲಕ, ಬೆಂಗಳೂರಿನಲ್ಲಿ ದುಡಿಯುವ ತಂದೆ, ನಡುವೆ ಬಂದೆರಗಿದ ಲಾಕ್‌ಡೌನ್, ನಡೆದೇ ಊರಿಗೆ ಮರಳುವ ದಾರಿ. ಚಿತ್ರದ ಕೊನೆಯ ಭಾಗ ನಮ್ಮನ್ನು ಅಳಿಸಲೆಂದೇ ಹೆಣೆದಂತೆ ನನಗೆ ಅನಿಸಿತು. ಆದರೆ ನಮ್ಮ ತಾಲ್ಲೂಕುಗಳಿಂದ ವರ್ಷವರ್ಷವೂ ಕಬ್ಬು ಕಡಿಯಲು ಮಂಡ್ಯಕ್ಕೆ, ಕಾಫಿ ತೋಟಕ್ಕೆ, ಕಟ್ಟಡದ ಕೆಲಸಕ್ಕೆ ಗುಳೆ ಹೋಗುವವರನ್ನು ಬಲ್ಲವನಿಗೆ ಅಲ್ಲಿಯ ಮಾತು ನಗೆಯ ಸರಕಾಗಿ ಬರಲಿಲ್ಲವೆಂಬುದೇ ದೊಡ್ಡ ಸಂಗತಿ. ಆ ತಂದೆ ಬಾಯಿ ತೆರೆದಾಗ ಯಾರೂ ನಗಲಿಲ್ಲ.

4

ನಮ್ಮ ಸೀಮೆಯ ಕಥೆಗಳು ತೆರೆಗೆ ಬಂದೇ ಇಲ್ಲವೆನ್ನುವಂತಿಲ್ಲ. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕಥೆಗಳನ್ನು ಆಧರಿಸಿದ ಎರಡು ಚಿತ್ರಗಳಿಗೆ ಅತ್ಯುತ್ತಮ ಕನ್ನಡ ಚಿತ್ರದ ರಾಷ್ಟ್ರಪ್ರಶಸ್ತಿ ಸಂದಿದೆ: ನಾಗತಿಹಳ್ಳಿ ಚಂದ್ರಶೇಖರ ಅವರ 'ಕೊಟ್ರೇಶಿ ಕನಸು' (1994) ಮತ್ತು ಗಿರೀಶ ಕಾಸರವಳ್ಳಿಯವರ 'ಕೂರ್ಮಾವತಾರ' (2011).

'ಕೊಟ್ರೇಶಿ ಕನಸು' ಚಿತ್ರವನ್ನು ನಾನು ಮೊದಲು ನೋಡಿದ್ದು ಹುಡುಗನಾಗಿದ್ದಾಗ, ದೂರದರ್ಶನದಲ್ಲಿ. ಗುರುಬಸವೇಶ್ವರನ ಈ ಊರಿನಲ್ಲಿ ಶಾಲೆಯ ಹಾಜರಿ ಪುಸ್ತಕವೆಂದರೆ ಕೊಟ್ರೇಶ, ಕೊಟ್ರಪ್ಪ, ಕೊಟ್ರಗೌಡ, ಕೊಟ್ರಮ್ಮರ ಸಾಲು. ಮೇಷ್ಟ್ರು ಒಮ್ಮೆ ಕೂಗಿದರೆ ಮೂರು ಕಡೆಯಿಂದ ಓಗೊಡುತ್ತಿದ್ದರು. ಆ ಹೆಸರು ಸಿನಿಮಾದ ಹೆಸರಾಗಿ ಮೂಡಿದಾಗ ನಮ್ಮ ಓಣಿಯೇ ಹಿಗ್ಗಿತು. ಓದುವ ಹಂಬಲದ ದಲಿತ ಬಾಲಕನ ಪಾತ್ರದಲ್ಲಿ ವಿಜಯ ರಾಘವೇಂದ್ರ ಎಲ್ಲರ ಕಣ್ಣು ಒದ್ದೆ ಮಾಡಿದ. ಸಂಶೋಧಕನಾದ ಮೇಲೆ ಮತ್ತೆ ನೋಡಿದಾಗ ಬೇರೆ ಸಂಗತಿಗಳು ಕಂಡವು. ಕುಂವೀ ಗದ್ಯದ ಉಕ್ಕುವ ವ್ಯಂಗ್ಯ, ನಗಿಸುತ್ತಲೇ ಗಾಯ ತೋರುವ ಗಡುಸುತನ ತೆರೆಯಲ್ಲಿ ಮೃದುವಾಗಿ, ಕರುಣೆಯಾಗಿ ತಿಳಿಯಾಗಿದೆ ಎನಿಸಿತು. ಆದರೂ ಮೊದಲ ಸಲದ ಕಣ್ಣೀರನ್ನು ನಾನು ಸುಳ್ಳೆನ್ನಲಾರೆ.

'ಕೂರ್ಮಾವತಾರ'ದ ಜಾಣ್ಮೆ ಇನ್ನೊಂದು ಬಗೆಯದು. ಗಾಂಧಿಯ ಹೋಲಿಕೆಯಿದ್ದ ಒಂದೇ ಕಾರಣಕ್ಕೆ, ನಿವೃತ್ತಿಯ ಅಂಚಿನಲ್ಲಿರುವ ಸರ್ಕಾರಿ ನೌಕರನೊಬ್ಬ ಟಿವಿ ಧಾರಾವಾಹಿಯಲ್ಲಿ ಗಾಂಧಿಯಾಗುತ್ತಾನೆ. ಜನ ಅವನನ್ನೇ ಗಾಂಧಿಯೆಂದು ಕಾಣತೊಡಗುತ್ತಾರೆ. ಶಿಕಾರಿಪುರ ಕೃಷ್ಣಮೂರ್ತಿಯವರ ಬಾಗಿದ ಬೆನ್ನು, ಸಂಕೋಚದ ಕಣ್ಣು ಇಂದಿಗೂ ನೆನಪಿವೆ. ಗಾಂಧೀಜಿಯವರ ಚಿತಾಭಸ್ಮವನ್ನಿರಿಸಿದ ಸ್ಮಾರಕ ನಮ್ಮ ಕೂಡ್ಲಿಗಿಯಲ್ಲಿದೆ. ಬಸ್ಸಿಳಿದು ಅದರ ಮುಂದೆ ಹಾದುಹೋಗುವ ನಾವು ವರ್ಷಕ್ಕೆರಡು ದಿನ ಅದನ್ನು ನೆನೆಯುತ್ತೇವೆ. ವೇಷದ ಗಾಂಧಿಗೆ ಕೈಮುಗಿಯುವ ಚಿತ್ರದ ಜನರನ್ನು ನೋಡಿ ನಗುವಾಗ ನನಗೆ ಆ ಸ್ಮಾರಕ ನೆನಪಾಗಿ ನಗು ಅರ್ಧಕ್ಕೆ ನಿಂತಿತು. ಟಿವಿಯನ್ನು ನಂಬುವ ಜನರನ್ನು ಮೂದಲಿಸುವುದು ಸುಲಭ. ನಿಜವಾದದ್ದನ್ನು ನೆನೆಯದ ನಮ್ಮನ್ನು ಏನೆನ್ನಬೇಕು?

5

ಇನ್ನು, ನನ್ನ ನಿಲುವನ್ನೇ ಅಲುಗಿಸಿದ ಧಾರಾವಾಹಿಯ ಮಾತು. 2020ರ ಜುಲೈಯಲ್ಲಿ ಜೀ ಕನ್ನಡದಲ್ಲಿ 'ಮಹಾನಾಯಕ' ಪ್ರಸಾರವಾಗತೊಡಗಿತು. ಅಂಬೇಡ್ಕರ್ ಅವರ ಬದುಕನ್ನು ಕುರಿತ ಹಿಂದಿ ಧಾರಾವಾಹಿಯ ಕನ್ನಡ ಡಬ್ಬಿಂಗ್ ಅದು. 1960ರ ದಶಕದ ಚಳವಳಿಯ ಫಲವಾಗಿ ಕನ್ನಡದಲ್ಲಿ ಡಬ್ಬಿಂಗ್ ನಿಂತಿತ್ತು. ಅದನ್ನು ತಡೆಯುವಂತಿಲ್ಲವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶಿಸಿದಾಗ ಅದನ್ನು ವಿರೋಧಿಸಿ ಮಾತಾಡಿದವರಲ್ಲಿ ನಾನೂ ಒಬ್ಬ. ಡಬ್ಬಿಂಗ್ ಬಂದರೆ ಕನ್ನಡದ ಅನುಭವಲೋಕವೇ ಬಡವಾಗುತ್ತದೆ ಎಂಬುದು ನನ್ನ ವಾದ. ಆ ವಾದದೊಂದಿಗೇ ಮೊದಲ ಕಂತು ನೋಡಿದೆ. ತುಟಿಗೂ ಮಾತಿಗೂ ಹೊಂದಾಣಿಕೆಯಿರಲಿಲ್ಲ. ವಾಕ್ಯಗಳು ಅನುವಾದದ ಒಗರಿನಿಂದ ಕೂಡಿದ್ದವು. ಹಿನ್ನೆಲೆ ಸಂಗೀತ ಪ್ರತಿ ಭಾವವನ್ನೂ ಮೂರು ಸಲ ಹೇಳುತ್ತಿತ್ತು.

ಅದೇ ವಾರಗಳಲ್ಲಿ ರಾಜ್ಯದ ಅನೇಕ ಹಳ್ಳಿಗಳಲ್ಲಿ ಆ ಧಾರಾವಾಹಿಗೆ ಜನ ತಾವೇ ಫ್ಲೆಕ್ಸ್ ಕಟ್ಟಿದರು. ಹಗರಿಬೊಮ್ಮನಹಳ್ಳಿಯ ಕಡೆಯ ನನ್ನ ಸಹಪಾಠಿಯೊಬ್ಬ ತನ್ನ ಕೇರಿಯಲ್ಲಿ ಕಟ್ಟಿದ ಫ್ಲೆಕ್ಸ್ ನೋಡಲು ಕರೆದ. ಕೂಲಿಯ ದುಡ್ಡಿನಲ್ಲಿ ಪಟ್ಟಿ ಎತ್ತಿ ಮಾಡಿಸಿದ್ದು. ಸಂಜೆ ಒಂದು ಮನೆಯ ಹೊಸ್ತಿಲಿಗೆ ಟಿವಿ ತಂದಿಟ್ಟು, ಅಂಗಳದಲ್ಲಿ ಹುಡುಗರನ್ನು ಸಾಲಾಗಿ ಕೂರಿಸಿದ್ದರು. ಶಾಲೆಯಲ್ಲಿ ಭೀಮನಿಗೆ ನೀರು ಮುಟ್ಟಗೊಡದ ದೃಶ್ಯದಲ್ಲಿ ಯಾರೂ ಅಳಲಿಲ್ಲ. ಮುದುಕಿಯೊಬ್ಬರು "ಹಿಂಗ ಇತ್ತು" ಎಂದರು, ಅಷ್ಟೆ. ನಾನು ಡಬ್ಬಿಂಗ್ ಗುಣಮಟ್ಟದ ಬಗ್ಗೆ ಏನೋ ಹೇಳಹೊರಟೆ. ಗೆಳೆಯ ತಡೆದ: "'ಕೊಟ್ರೇಶಿ ಕನಸು' ನಿಮ್ಮ ಓಣ್ಯಾಗ ಎಲ್ಲಾರೂ ನೋಡಿ ಅತ್ರಿ. ಮರುದಿನ ನಮ್ಮ ಹುಡುಗ್ರಿಗೆ ನೀರು ಮ್ಯಾಲಿಂದಾನ ಹಾಕಿದ್ರಿ. ಇದ್ರ ಭಾಷಿ ಎಲ್ಲೀದರ ಆಗ್ಲಿ, ನಮ್ಮ ಹುಡುಗ್ರು ಕುಂತು ನೋಡಾಕತ್ಯಾರ."

ಡಬ್ಬಿಂಗ್ ಕುರಿತ ನನ್ನ ಆತಂಕ ಅಂದಿಗೆ ಸುಳ್ಳಾಯಿತೆಂದು ಹೇಳಲಾರೆ. ಬರೆಯುವವರ, ನಟಿಸುವವರ ಕೆಲಸ ಕಸಿಯುವ ಶಕ್ತಿ ಅದಕ್ಕಿದೆ ಎಂಬ ಮಾತು ಇಂದಿಗೂ ನಿಜ. ಆದರೆ 'ನಮ್ಮ ಭಾಷೆ, ನಮ್ಮ ಕಥೆ' ಎಂದು ನಾನು ಹೇಳುತ್ತಿದ್ದಾಗ ಆ 'ನಮ್ಮ'ದೊಳಗೆ ಯಾರು ಯಾರು ಇದ್ದರು ಎಂದು ಎಂದೂ ಎಣಿಸಿರಲಿಲ್ಲ. ನಮ್ಮ ಸೀಮೆಯ ಹೆಸರು ಹೊತ್ತ ಚಿತ್ರವನ್ನು ನನ್ನದೆಂದುಕೊಂಡೆ. ಪರಭಾಷೆಯಿಂದ ಬಂದ ಧಾರಾವಾಹಿಯನ್ನು ಗೆಳೆಯ ತನ್ನದೆಂದುಕೊಂಡ. ಭಾಷೆಯೊಂದೇ ಸ್ವಂತಿಕೆಯ ಅಳತೆಗೋಲೆಂದು ನಂಬಿದ್ದ ನನ್ನಂಥವರು ಈ ವೈರುಧ್ಯವನ್ನು ಬಿಡಿಸದೆ ಮುಂದೆ ಹೋಗುವಂತಿಲ್ಲ.

ಇನ್ನೊಂದನ್ನೂ ಹೇಳಬೇಕು. ಈ ಟಿಪ್ಪಣಿಯ ಭಾಷೆ ಅವ್ವನದಲ್ಲ, ಗೆಳೆಯನದೂ ಅಲ್ಲ. ಅವರ ಮಾತನ್ನು ವಾಹಿನಿಯವರು ನಗೆಯ ನಡುವೆ ಇಟ್ಟರು, ನಾನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟಿದ್ದೇನೆ. ನಮ್ಮ ವಿಭಾಗಗಳು ಹಾಡು, ಗಾದೆ, ಆಟಗಳನ್ನು ಸಂಗ್ರಹಿಸಿದಂತೆ ಜನ ಟಿವಿಯ ಮುಂದೆ ಆಡುವ ಮಾತುಗಳನ್ನೂ ಸಂಗ್ರಹಿಸಬಹುದಾಗಿದೆ. ಅದೂ ವಿಮರ್ಶೆಯೇ. ಸದ್ಯಕ್ಕೆ ಒಂದು ನೋಟುಪುಸ್ತಕದಲ್ಲಿ ಅವ್ವನ ಮಾತುಗಳನ್ನು ದಿನಾಂಕ ಹಾಕಿ ಬರೆದಿಡುತ್ತಿದ್ದೇನೆ.

ಕಳೆದ ಸಲ ಊರಿಗೆ ಹೋದಾಗ ಅಂಥದೇ ಹಾಸ್ಯ ಕಾರ್ಯಕ್ರಮವೊಂದು ನಡೆದಿತ್ತು. ನಮ್ಮ ಕಡೆಯ ಮಾತಾಡುವ ಪಾತ್ರ, ಸಾಲ ವಸೂಲಿಗೆ ಬಂದವನನ್ನೇ ಮಾತಿನಲ್ಲಿ ಸಿಕ್ಕಿಸಿ ಅವನಿಂದಲೇ ಚಹಾದ ದುಡ್ಡು ಕೊಡಿಸುವ ಪ್ರಸಂಗ. ನಾನು ಎಚ್ಚರದಿಂದ ಮುಖ ಬಿಗಿದು ಕುಳಿತಿದ್ದೆ. ಅವ್ವ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ನನ್ನ ಮುಖ ನೋಡಿ ಹೇಳಿದಳು: "ಈಗ ನಗು. ಇದು ನಗೋ ಮಾತೈತಿ."