ಟೀವಿ ಹಚ್ಚದ ಹಾಡು

ಡಿವಿಡಿ ಪ್ಲೇಯರ್ ಎಂಬ ವಸ್ತು ನಮ್ಮ ಸಿಂಧನೂರಿನ ಮನೆಗಳಿಗೆ ಬಂದದ್ದು ಸಿನಿಮಾ ನೋಡುವುದಕ್ಕೆ, ಹೆಚ್ಚೆಂದರೆ ಮದುವೆಯ ವಿಡಿಯೊ ಹಾಕಿ ಬೀಗರಿಗೆ ತೋರಿಸುವುದಕ್ಕೆ. ಅದರಲ್ಲಿ ಹಾಡಿನ ಸೀಡಿಯೂ ಓಡುತ್ತದೆ ಎಂಬುದು ಡಬ್ಬಿಯ ಮಗ್ಗುಲಲ್ಲಿ ಸಣ್ಣಕ್ಷರದಲ್ಲಿ ಇರುತ್ತಿದ್ದ ಸಂಗತಿ. ಅದನ್ನು ಓದಿ ಕೊಂಡವರನ್ನು ನಾನು ಕಂಡಿಲ್ಲ. 2008ರ ಬೇಸಿಗೆಯಲ್ಲಿ ಕುಷ್ಟಗಿ ರಸ್ತೆಯಿಂದ ಗಾಂಧಿ ವೃತ್ತದವರೆಗೆ ನಾನು ಅಂಗಡಿ ಅಂಗಡಿ ಅಲೆದದ್ದು ಮಾತ್ರ ಆ ಸಣ್ಣಕ್ಷರಕ್ಕಾಗಿಯೇ.

ಕಾರಣ ಅಪ್ಪ. ಇಪ್ಪತ್ತಾರು ವರ್ಷ ಅಕ್ಕಿ ಮಿಲ್ಲಿನಲ್ಲಿ ತೂಕದ ಗುಮಾಸ್ತನಾಗಿದ್ದವನು. ಎಡದಂಡೆ ನಾಲೆಗೆ ನೀರು ಬಿಟ್ಟರೆ ನಮ್ಮೂರಿಗೆ ಜೀವ, ಭತ್ತ ಮಿಲ್ಲಿಗೆ ಬಂದರೆ ನಮ್ಮ ಮನೆಗೆ ಜೀವ. ದಿನವಿಡೀ ಮಿಲ್ಲಿನ ಗದ್ದಲ ಕೇಳಿ ಬಂದವನಿಗೆ ರಾತ್ರಿ ಟೇಪು ಬೇಕು. ಭೀಮಸೇನ ಜೋಶಿಯವರ ದಾಸರ ಪದ, ಮನ್ಸೂರರ ವಚನ, ನಮ್ಮ ಜಿಲ್ಲೆಯವರೇ ಆದ ಸಿದ್ಧರಾಮ ಜಂಬಲದಿನ್ನಿಯವರ ವಚನ, ನವರಾತ್ರಿ ಬಂತೆಂದರೆ ದೇವಿ ಪುರಾಣ. ಆ ಪುರಾಣ ಬರೆದ ಚಿದಾನಂದ ಅವಧೂತರು ನಮ್ಮ ಅಂಬಾಮಠದವರು ಎಂಬ ಅಭಿಮಾನ ಬೇರೆ.

ಗ್ಲಾಕೋಮಾ ಅಪ್ಪನ ಕಣ್ಣನ್ನು ಒಮ್ಮೆಲೇ ಒಯ್ಯಲಿಲ್ಲ. ಮೊದಲು ಅಂಚು ಹೋಯಿತು, ಆಮೇಲೆ ನಡುವಿನದು. ಪೂರ್ತಿ ಹೋದ ಮೇಲೂ ಟೇಪು ಅವನ ಕೈಯಲ್ಲೇ ಇತ್ತು. ಹಳೆಯ ಟೇಪಿನ ಗುಂಡಿಗಳು ಹಾರ್ಮೋನಿಯಂ ಮನೆಗಳಂತೆ ದಪ್ಪಗೆ ಎದ್ದಿರುತ್ತಿದ್ದವು, ಒತ್ತಿದರೆ ಟಕ್ ಎಂದು ಹೇಳಿಯೇ ಕೂರುತ್ತಿದ್ದವು. ಕ್ಯಾಸೆಟ್ಟಿಗೂ ಎರಡು ತೂತು, ಒಂದು ದಪ್ಪ ಅಂಚು; ತಲೆಕೆಳಗಾಗಿ ಹಾಕಲು ಬರುತ್ತಲೇ ಇರಲಿಲ್ಲ. ಅದನ್ನು ಮಾಡಿದವರು ಕಣ್ಣಿಲ್ಲದವರನ್ನು ನೆನೆದು ಮಾಡಿದ್ದಲ್ಲ. ಆದರೂ ಆ ಯಂತ್ರ ಕೈಗೆ ತಿಳಿಯುತ್ತಿತ್ತು.

ಟೇಪು ಕೆಟ್ಟಿತು. ಬೆಲ್ಟು ಸಿಗಲಿಲ್ಲ, ನಮ್ಮ ಕಡೆಯ ಬಿಸಿಲಿಗೆ ಕ್ಯಾಸೆಟ್ಟಿನ ರೀಲು ಒಂದಕ್ಕೊಂದು ಹತ್ತಿಕೊಂಡವು. ಆಮೇಲೆ ಮನೆಯಲ್ಲಿ ಹಾಡು ಅಂದರೆ ಟೀವಿ. ಹಾಡು ಕೇಳಬೇಕೆಂದರೆ ಅಪ್ಪ ಮೊದಲು ಯಾರನ್ನಾದರೂ ಕೇಳಬೇಕು. ಅವ್ವ ಒಲೆಯ ಮುಂದೆ, ತಮ್ಮ ಗೊಬ್ಬರದ ಅಂಗಡಿಗೆ ಹೋಗುವ ಅವಸರದಲ್ಲಿ, ನಾನು ಪಾಠಕ್ಕೆ. ಒಂದೆರಡು ತಿಂಗಳು ಕೇಳಿದ. ಆಮೇಲೆ ಎರಡೂ ಕೇಳುವುದನ್ನು ಬಿಟ್ಟ. ಯಾರೂ ಅವನಿಗೆ ಇಲ್ಲ ಅಂದಿರಲಿಲ್ಲ, ತಡೆಯಪ್ಪ ಅಂದಿದ್ದೆವು ಅಷ್ಟೇ.

ಸೀಡಿಗೆಂದೇ ಬೇರೆ ಪ್ಲೇಯರ್ ಕೊಳ್ಳಬಹುದಿತ್ತಲ್ಲ ಎನ್ನಬಹುದು. ಬರೀ ಸೀಡಿ ಪ್ಲೇಯರ್ ಆಗ ನಮ್ಮೂರಲ್ಲಿ ಸಿಗುತ್ತಿರಲಿಲ್ಲ. ರೇಡಿಯೊ, ಸೀಡಿ ಎರಡೂ ಇದ್ದ ದೊಡ್ಡ ಸೆಟ್ಟುಗಳ ಬೆಲೆ ನಮಗೆ ನಿಲುಕುವುದಲ್ಲ. ಇದ್ದದ್ದು ಮೂರು ಸಾವಿರ ರೂಪಾಯಿ, ಅದರಲ್ಲಿ ತಮ್ಮನ ಪಾಲೂ ಇತ್ತು. ತಮ್ಮನಿಗೆ ಬೇಕಾದದ್ದು ಸಿನಿಮಾ. "ಅಣ್ಣಾ, ಅದರಾಗ ಕರೊಕೆ ಐತಿ, ಮೈಕ್ ಹಾಕಾಕ ಎರಡು ತೂತು ಅದಾವು" ಎಂದು ಒಂದು ಮಾಡೆಲನ್ನು ಮೊದಲೇ ನೋಡಿ ಬಂದಿದ್ದ. ಹೀಗಾಗಿ ಒಂದೇ ಪೆಟ್ಟಿಗೆ ಇಬ್ಬರಿಗೂ ಆಗಬೇಕಿತ್ತು.

ಮೊದಲ ಅಂಗಡಿಯಲ್ಲಿ ಗೋಡೆಯ ತುಂಬ ಟೀವಿ, ಎಲ್ಲದರಲ್ಲೂ ಒಂದೇ ತೆಲುಗು ಸಿನಿಮಾದ ಹೊಡೆದಾಟ. ಸುತ್ತಲಿನ ಕ್ಯಾಂಪಿನ ಗಿರಾಕಿಗಳು ಹೆಚ್ಚಾದ್ದರಿಂದ ತೆಲುಗು ಡಿಸ್ಕುಗಳು ಮುಂದಿನ ಸಾಲಿನಲ್ಲಿ, ಆರ್‌.ಎಚ್‌. ಕ್ಯಾಂಪಿನ ಬಂಗಾಳಿಗಳಿಗಾಗಿ ಒಂದಿಷ್ಟು ಬಂಗಾಳಿ, ಕೆಳಗೆ ಕನ್ನಡ. ಹುಡುಗ ಒಂದು ಪ್ಲೇಯರನ್ನು ತಿರುಗಿಸಿ ಹಿಂದಿನ ತೂತುಗಳನ್ನು ತೋರಿಸಿ, "ಗೋಲ್ಡ್ ಪ್ಲೇಟೆಡ್ ಐತ್ರೀ ಸರ್" ಅಂದ. ಪಕ್ಕದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ನೆಲ ಕೊರೆದು ಚಿನ್ನ ತೆಗೆಯುವವರ ನಾಡಿನಲ್ಲಿ ಎರಡು ಸಾವಿರದ ಪೆಟ್ಟಿಗೆಯ ಹಿಂದೆ ಚಿನ್ನ! ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ ಎಂಬುದು ನಿಜ, ಹಾಡು ಅದರಿಂದ ಬೇರೆಯಾಗುತ್ತದೆ ಎಂದು ನಾನು ನಂಬಲಿಲ್ಲ. ನನಗೆ ಬೇಕಾದದ್ದು ಆ ತೂತುಗಳ ಲೆಕ್ಕ. ಹಳದಿ ಚಿತ್ರಕ್ಕೆ, ಕೆಂಪು ಮತ್ತು ಬಿಳಿ ಶಬ್ದಕ್ಕೆ. ಕೆಂಪು-ಬಿಳಿಯ ಜೋಡಿ ಎರಡಿದ್ದರೆ ಒಂದನ್ನು ಟೀವಿಗೆ ಕೊಟ್ಟು, ಇನ್ನೊಂದನ್ನು ಆಂಪ್ಲಿಫೈಯರ್ ಇರುವ ಬೇರೆ ಸ್ಪೀಕರಿಗೆ ಕಾಯಂ ಆಗಿ ಕೊಟ್ಟುಬಿಡಬಹುದು. ಪ್ಲೇಯರಿಗೆ ತನ್ನದೇ ದನಿಯಿಲ್ಲ. ಟೀವಿ ಬಂದಾಗಿದ್ದಾಗಲೂ ಅದು ಮಾತಾಡಬೇಕೆಂದರೆ ಈ ಏರ್ಪಾಡು ಆಗಲೇಬೇಕು.

"ಟೀವಿ ಬಂದ್ ಮಾಡ್ರಿ ಸ್ವಲ್ಪ" ಅಂದೆ. ಹುಡುಗ ನಕ್ಕ. "ಮತ್ತ ನೋಡೋದು ಹೆಂಗ್ರಿ?" ನಾನು ಜೇಬಿನಿಂದ ಎರಡು ಸೀಡಿ ತೆಗೆದೆ.

ಒಂದು ಅಂಗಡಿಯಲ್ಲಿ ಕೊಂಡ ದಾಸವಾಣಿ. ಇನ್ನೊಂದರ ಕತೆ ಸ್ವಲ್ಪ ಹೇಳಬೇಕು. ನಮ್ಮ ದೊಡ್ಡಪ್ಪ ತತ್ವಪದ ಹಾಡುತ್ತಿದ್ದ. ಕಡಕೋಳ ಮಡಿವಾಳಪ್ಪನವರ ಪದಗಳೆಂದರೆ ಅವನಿಗೆ ಊಟ. 1991ರ ಶಿವರಾತ್ರಿ ಜಾಗರಣೆಯಲ್ಲಿ ಊರಿನ ಮಠದಲ್ಲಿ ಅವನು ಹಾಡಿದ್ದನ್ನು ಅಪ್ಪ ತನ್ನ ಟೇಪಿನಲ್ಲೇ ಹಿಡಿದಿದ್ದ. ಅದರಲ್ಲಿ ಏಕತಾರಿ ಇದೆ, ದಮ್ಮಡಿ ಇದೆ, ಬೊಗಳುವ ನಾಯಿ ಇದೆ, "ಚಾ ಬಂತೇನೋ" ಎಂಬ ಯಾರದೋ ದನಿ ಇದೆ. ದೊಡ್ಡಪ್ಪ ಮರುವರ್ಷದ ಶಿವರಾತ್ರಿ ಕಾಣಲಿಲ್ಲ. ಅವನ ದನಿ ಇರುವುದು ಅದೊಂದರಲ್ಲೇ. ರೀಲು ಪೂರ್ತಿ ಹಾಳಾಗುವ ಮೊದಲು ಕಂಪ್ಯೂಟರ್ ಅಂಗಡಿಯ ಹುಡುಗನಿಗೆ ಕೊಟ್ಟು ಸೀಡಿಗೆ ಬರೆಸಿದ್ದೆ. ಪ್ರತಿ ಪದಕ್ಕೂ ಒಂದೊಂದು ನಂಬರು, ಒಟ್ಟು ಹನ್ನೊಂದು. ಪದಗಳ ನಡುವೆ ಕಂಪ್ಯೂಟರು ತಾನಾಗಿ ಎರಡು ಸೆಕೆಂಡು ಖಾಲಿ ಬಿಡುತ್ತದೆ ಅಂದಾಗ ಬೇಡ ಎಂದು ಹೇಳಿ ತೆಗೆಸಿದ್ದೆ. ಚಾ ಕೇಳಿದವನ ಮಾತು ತುಂಡಾಗಬಾರದು.

ಮೊದಲ ಪ್ಲೇಯರು ದಾಸವಾಣಿಯನ್ನು ಚೆನ್ನಾಗಿ ಹಾಡಿತು. ದೊಡ್ಡಪ್ಪನನ್ನು ಹಾಕಿದರೆ ಗರಗರ ತಿರುಗಿ, ನಿಂತು, ಮತ್ತೆ ತಿರುಗಿ ಕಡೆಗೆ 'ನೋ ಡಿಸ್ಕ್' ಅಂದಿತು. ಕೈಯಲ್ಲಿ ಹಿಡಿದು ಕೊಟ್ಟದ್ದನ್ನು ಇಲ್ಲವೇ ಇಲ್ಲ ಅನ್ನುವುದು! ಹುಡುಗ "ನಿಮ್ಮ ಸೀಡಿನ ಸರಿ ಇಲ್ರಿ" ಅಂದ. ಸೀಡಿ ಸರಿಯಿತ್ತು.

ಇದರ ಹಿಂದಿನ ಗುಟ್ಟು ತಿಳಿಯುವಂಥದ್ದೇ. ಸೀಡಿ 1982ರಲ್ಲಿ ಮಾರುಕಟ್ಟೆಗೆ ಬಂತು. ಅದನ್ನು ಓದುವುದು 780 ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಲೇಸರ್ ಬೆಳಕು. ಡಿವಿಡಿ 1996ರಲ್ಲಿ ಜಪಾನಿನಲ್ಲಿ ಮೊದಲು ಬಂತು. ಅದಕ್ಕೆ 650ರ ಕೆಂಪು ಬೆಳಕು. ಅಂಗಡಿಯಲ್ಲಿ ಸಿಗುವ ಸೀಡಿಯಲ್ಲಿ ಅಚ್ಚೊತ್ತಿದ ಕುಳಿಗಳು, ಮೇಲೆ ಅಲ್ಯೂಮಿನಿಯಂ ಲೇಪ, ಯಾವ ಬೆಳಕು ಬಿದ್ದರೂ ಹೊಳೆಯುತ್ತದೆ. ನಾವು ಬರೆಸಿಕೊಳ್ಳುವ ಸೀಡಿಯಲ್ಲಿ ಇರುವುದು ಒಂದು ಬಗೆಯ ಬಣ್ಣದ ಪದರ. ಅದು 780ಕ್ಕೆ ಹೊಂದಿದ್ದು, 650ರ ಬೆಳಕನ್ನು ಸರಿಯಾಗಿ ಹಿಂದಕ್ಕೆ ಕಳಿಸುವುದಿಲ್ಲ. ಹಾಗಾಗಿ ಡಿವಿಡಿ ಪ್ಲೇಯರಿನೊಳಗೆ ಎರಡೂ ಬೆಳಕು ಇರಬೇಕು. ಆ ಹೊತ್ತಿಗೆ ಸಾಮಾನ್ಯವಾಗಿ ಇರುತ್ತಿದ್ದವು ಕೂಡ. ಆದರೂ ಅಗ್ಗದ ಹೆಡ್ಡಿಗೆ ಬರೆಸಿದ ಸೀಡಿಯ ಮಂದ ಹೊಳಪು ಸಾಲುವುದಿಲ್ಲ. ಡಬ್ಬಿಯ ಮೇಲಿನ ಪಟ್ಟಿ ಓದಿದರೆ ಇದು ಗೊತ್ತಾಗುವುದಿಲ್ಲ; ಮನೆಯ ಸೀಡಿ ಒಯ್ದು ಹಾಕಿಯೇ ನೋಡಬೇಕು.

ಎರಡನೆಯ ಅಂಗಡಿಯವನು ಎಂಪಿತ್ರೀ ಕಡೆ ಎಳೆದ. ಅವನ ಲೆಕ್ಕ ತಪ್ಪಲ್ಲ. ಆಡಿಯೊ ಸೀಡಿಯಲ್ಲಿ 74 ನಿಮಿಷ, ಹೆಚ್ಚೆಂದರೆ 80. ಅದೇ 700 ಎಂಬಿಯ ಡಿಸ್ಕಿಗೆ ಎಂಪಿತ್ರೀ ತುಂಬಿದರೆ ನೂರೈವತ್ತರ ಹತ್ತಿರ ಹಾಡು, ಹನ್ನೆರಡು ತಾಸು. ಬಸ್ ನಿಲ್ದಾಣದಲ್ಲಿ ಮೂವತ್ತು ರೂಪಾಯಿಗೆ ಅಂಥವು ರಾಶಿ ಬಿದ್ದಿರುತ್ತಿದ್ದವು. ಆದರೆ ಅದನ್ನು ಹಾಕಿದ ಕೂಡಲೇ ಪ್ಲೇಯರು ಟೀವಿಯ ಮೇಲೆ ಹೆಸರುಗಳ ಪಟ್ಟಿ ಹಾಸಿ, ಆರಿಸಿಕೋ ಎಂದು ಕೂರುತ್ತದೆ. ಆರಿಸುವವನಿಗೆ ಕಣ್ಣು ಬೇಕು. ಆಡಿಯೊ ಸೀಡಿ ಹಾಗಲ್ಲ. ಟ್ರೇ ಒಳಗೆ ಹೋಯಿತೆಂದರೆ ಒಂದನೇ ನಂಬರಿನಿಂದ ತಾನೇ ಶುರು. ಹನ್ನೊಂದು ಪದಗಳ ಕ್ರಮ ಅಪ್ಪನಿಗೆ ಬಾಯಿಪಾಠವಾಗುತ್ತದೆ. ನೂರೈವತ್ತು ಯಾರಿಗೂ ಆಗುವುದಿಲ್ಲ.

ಅಷ್ಟರಲ್ಲಿ ನನಗೆ ಹೊಳೆದದ್ದು, ಆರಿಸಬೇಕಾದವನು ನಾನಲ್ಲ ಎಂದು. ಮರುದಿನ ಅಪ್ಪನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಮೂರನೆಯ ಅಂಗಡಿಗೆ ಹೋದೆ. ಮಾಲೀಕರು ವಯಸ್ಸಾದವರು, ಅಪ್ಪನನ್ನು ಮಿಲ್ಲಿನ ಕಾಲದಿಂದ ಬಲ್ಲವರು. "ಬರ್ರಿ, ಕುಂದರ್ರಿ" ಎಂದು ಸ್ಟೂಲ್ ಹಾಕಿ ನಾಲ್ಕು ಪ್ಲೇಯರುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಅಪ್ಪ ಒಂದೊಂದರ ಮುಂಭಾಗದ ಮೇಲೂ ಬೆರಳು ಆಡಿಸಿದ, ಭತ್ತದ ಕಾಳು ಒರೆದು ನೋಡುವಷ್ಟು ನಿಧಾನವಾಗಿ. ಮೊದಲನೆಯದು ತೆಳ್ಳಗೆ, ಕನ್ನಡಿಯಂತೆ ನುಣ್ಣಗೆ, ತಮ್ಮ ಮೆಚ್ಚಿದ ಮಾಡೆಲ್. "ಇದಕ್ಕ ಮಾರೀನ ಇಲ್ಲಲ್ಲೋ ತಮ್ಮಾ" ಅಂದ.

ನಿಜವಾಗಿಯೂ ಇರಲಿಲ್ಲ. ಎಲ್ಲ ಕೆಲಸ ರಿಮೋಟಿನಲ್ಲಿ. ಪೆಟ್ಟಿಗೆಯ ಮೇಲೆ ಟ್ರೇ ತೆಗೆಯುವುದೊಂದು, ಶುರು ಮಾಡುವುದೊಂದು ಗುಂಡಿ, ಅವೂ ನೆಲಮಟ್ಟ. ರಿಮೋಟಿನ ಐದರ ಮೇಲೆ ಒಂದು ಚುಕ್ಕಿ ಎದ್ದಿರುತ್ತದೆ, ಅದನ್ನು ಹಿಡಿದು ಉಳಿದ ಅಂಕಿ ಲೆಕ್ಕ ಹಾಕಬಹುದು ಎಂದು ನಾನು ತೋರಿಸಿದೆ. ಅಪ್ಪ ಒಪ್ಪಲಿಲ್ಲ. "ರಿಮೋಟ್ ಎಲ್ಲೈತಿ ಅಂತ ಮತ್ತ ನಿಮ್ಮನ್ನ ಕೇಳಬೇಕಲ್ಲ."

ನಾಲ್ಕನೆಯದು ಹಿಂದಿನ ವರ್ಷದ ಮಾಡೆಲ್. ದಪ್ಪ, ಬೂದು ಬಣ್ಣ, ಚಂದವಿಲ್ಲ. ಆದರೆ ಮುಂದೆ ಐದು ಗುಂಡಿ, ಒಂದೊಂದೂ ಬೇರೆ ಬೇರೆಯಾಗಿ ಎದ್ದಿದ್ದವು, ಹಿಂದಿನ ಹಾಡು, ಮುಂದಿನ ಹಾಡು ಸಹಿತ. ಹಿಂದೆ ಕೆಂಪು-ಬಿಳಿಯ ಎರಡು ಜೋಡಿ. ಟೀವಿ ಇಲ್ಲದೆ ಸ್ಪೀಕರ್ ಹಚ್ಚಿದರು. ದೊಡ್ಡಪ್ಪನ ಸೀಡಿ ಹಾಕಿದೆ. ಐದಾರು ಸೆಕೆಂಡು ಏನೂ ಇಲ್ಲ, ತಿರುಗುವ ಸದ್ದು ಮಾತ್ರ. ಆಮೇಲೆ ಏಕತಾರಿ. ಮಾಲೀಕರು ಫ್ಯಾನ್ ಆರಿಸಿದರು. ಅಪ್ಪ ಏನೂ ಅನ್ನಲಿಲ್ಲ, ಮೂರನೆಯ ಪದದ ಕೊನೆಗೆ ಚಾ ಕೇಳುವವನ ದನಿ ಬಂದಾಗ ಮಾತ್ರ ಅವನ ಹೆಸರು ಹೇಳಿದ. ಅದು ಯಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಪ್ಲೇಯರಿಗೆ 2,100, ಸ್ಪೀಕರಿಗೆ 850. ತಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದ.

ಮನೆಗೆ ತಂದ ರಾತ್ರಿ ಅಪ್ಪ ಸೀಡಿಯನ್ನು ಬೆರಳ ತುದಿಯಲ್ಲಿ ತಿರುಗಿಸುತ್ತ, "ಇದನ್ನ ನಡುವ ತಿರುವಿ ಹಾಕಬೇಕೇನು?" ಎಂದು ಕೇಳಿದ. ಬೇಡ, ಒಂದೇ ಮಗ್ಗಲು ಅಂದೆ. "ಮತ್ತ ಇನ್ನೊಂದ ಮಗ್ಗಲ ಖಾಲಿ ಯಾಕ ಬಿಟ್ಟಾರ?" ಅವನ ಪ್ರಶ್ನೆ ಸಣ್ಣದಲ್ಲ. ಹಳೆಯ ಗ್ರಾಮಫೋನ್ ತಟ್ಟೆಗೆ ಮೂರು ನಿಮಿಷ ಚಿಲ್ಲರೆ, ಕ್ಯಾಸೆಟ್ಟಿಗೆ ಅರ್ಧ ತಾಸಿಗೊಮ್ಮೆ ಮಗ್ಗಲು. ಮನ್ಸೂರರಂಥವರು ಆ ಮೂರು ನಿಮಿಷದಲ್ಲೇ ರಾಗವನ್ನು ಕೂರಿಸಬೇಕಾಗಿತ್ತು. ಗ್ರಾಮಫೋನಿನ ಮುಳ್ಳು ಹೊರಗಿನಿಂದ ಒಳಗೆ ಬರುತ್ತಿತ್ತು, ಸೀಡಿಯ ಬೆಳಕು ಒಳಗಿನಿಂದ ಹೊರಗೆ ಹೋಗುತ್ತದೆ ಅಂದಾಗ, ಆ ದಾರಿ ಬಿಚ್ಚಿ ಹಾಸಿದರೆ ಐದು ಕಿಲೋಮೀಟರಿಗೂ ಹೆಚ್ಚು ಅಂದಾಗ, "ಅಷ್ಟು ದೂರ ನಡೀತದ?" ಅಂದ.

ಅವನು ಕಂದೀಲಿನ ಗಾಜು ಒರೆಸುವಂತೆ ಸೀಡಿಯನ್ನು ಸುತ್ತ ಸುತ್ತ ಒರೆಸುತ್ತಿದ್ದ. ಅದೊಂದನ್ನು ಬಿಡಿಸಬೇಕಾಯಿತು. ಸೀಡಿಯ ಅಡ್ಡಕ್ಕೆ ಬಿದ್ದ ಗೀರನ್ನು ಪ್ಲೇಯರು ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ, ದಾರಿಯ ಗುಂಟ ಬಿದ್ದ ಗೀರು ಹಾಡನ್ನೇ ನುಂಗುತ್ತದೆ; ಅದಕ್ಕೇ ನಡುವಿನಿಂದ ಅಂಚಿಗೆ ನೇರ ಒರೆಸಬೇಕು. ಸೀಡಿಯ ಡಬ್ಬಿಗಳಿಗೆ ಅವ್ವ ದಾರ ಕಟ್ಟಿದಳು. ಒಂದು ಗಂಟು ದಾಸರ ಪದ, ಎರಡು ವಚನ, ಮೂರು ದೇವಿ ಪುರಾಣ. ದೊಡ್ಡಪ್ಪನ ಡಬ್ಬಿಗೆ ದಾರ ಬೇಡ ಅಂದ, ದಾರವಿಲ್ಲದ್ದು ಅದೊಂದೇ ಆದ್ದರಿಂದ. ಶುರು ಮಾಡುವ ಗುಂಡಿಯ ಮೇಲೆ ಒಂದು ಹುಣಸೆಬೀಜವನ್ನು ಅಂಟು ಹಚ್ಚಿ ಕೂರಿಸಿದೆವು.

ತೊಂದರೆ ಬಂದದ್ದು ಸಿನಿಮಾದಿಂದ. ತಮ್ಮ ರಾತ್ರಿ ಸಿನಿಮಾ ನೋಡಿ ಡಿಸ್ಕನ್ನು ಒಳಗೇ ಬಿಟ್ಟು ಮಲಗಿದ್ದ. ಬೆಳಗಿನ ಜಾವ ಅಪ್ಪ ಬೀಜ ಒತ್ತಿದರೆ ಸಿನಿಮಾದ ಮೆನು ಬಂತು. ಡಿವಿಡಿಯ ಮೆನು ನಾವು ಏನಾದರೂ ಆರಿಸುವವರೆಗೆ ಅದೇ ಅರ್ಧ ನಿಮಿಷದ ಬಾಜಾ ಮತ್ತೆ ಮತ್ತೆ ಬಾರಿಸುತ್ತದೆ. ಟೀವಿ ಬಂದ್ ಇತ್ತು. ನಾವು ಏಳುವ ಹೊತ್ತಿಗೆ ಅಪ್ಪ ಆ ಬಾಜಾ ಮುಗಿದು ಹಾಡು ಶುರುವಾದೀತೆಂದು ಮುಕ್ಕಾಲು ತಾಸು ಕಾಯ್ದಿದ್ದ. ಸಿನಿಮಾ ನೋಡಿದವರು ಡಿಸ್ಕ್ ತೆಗೆದು, ಟ್ರೇ ಖಾಲಿ ಬಿಟ್ಟೇ ಮಲಗಬೇಕು ಎಂಬ ಕಾನೂನು ಅವತ್ತು ಜಾರಿಯಾಯಿತು. ಅದನ್ನು ಮಾಡಿದವನು ತಮ್ಮನೇ.

ಕರೆಂಟು ಹೋಗಿ ಬಂದರೆ ದೇವಿ ಪುರಾಣ ಮೊದಲಿನಿಂದ ಶುರುವಾಗುತ್ತಿತ್ತು. ಅದಕ್ಕೆ ಅಪ್ಪ ಬೇಜಾರು ಮಾಡಿಕೊಳ್ಳಲಿಲ್ಲ.

ಆರನೆಯ ವರ್ಷಕ್ಕೆ ಸೀಡಿ ಹಿಡಿಯುವುದು ಕಡಿಮೆಯಾಯಿತು. ಮೊದಲು ಸೋತದ್ದು ದೊಡ್ಡಪ್ಪನ ಸೀಡಿಯೇ. ಹೆಡ್ಡಿನ ಬೆಳಕು ಮಂಕಾದರೆ ಬರೆಸಿದವೇ ಮೊದಲು ಕೈಬಿಡುತ್ತವೆ. ಹೊಸದು ನೋಡೋಣವೆಂದು ಹೋದರೆ ಎಲ್ಲವೂ ಮಾರಿಯಿಲ್ಲದವು. ರಿಪೇರಿಯವನು, "ಹೆಡ್ ಹಾಕಿದ್ರ ನಾಲ್ಕುನೂರು ಆಗ್ತೈತ್ರಿ, ಇಷ್ಟು ಹಳೇದಕ್ಕ ಯಾಕ್ ಹಾಕಸ್ತೀರಿ?" ಅಂದ. ಹಾಕಿಸಿದೆ. ನಾಲ್ಕು ದಿನಕ್ಕೆ ಪೆಟ್ಟಿಗೆ ಮನೆಗೆ ಬಂತು, ಅವನು ಧೂಳೆಲ್ಲ ಒರೆಸಿ ಫಳಫಳ ಮಾಡಿ ಕೊಟ್ಟಿದ್ದ. ಅಪ್ಪ ಮುಂದೆ ಕೂತು ಬೆರಳು ಆಡಿಸಿದವನೇ ನಿಲ್ಲಿಸಿದ.

"ಬೀಜ ಎಲ್ಲೈತಿ?"

ಹೊಲಸೆಂದುಕೊಂಡು ಕೆರೆದು ತೆಗೆದಿರಬೇಕು. ಅವ್ವ ಎದ್ದು ಹುಣಸೆಹಣ್ಣಿನ ಡಬ್ಬಿ ಹುಡುಕಲು ಒಳಗೆ ಹೋದಳು.