ಬಸಳೆ ಬಳ್ಳಿ ಮತ್ತು ಮೂರು ಸೆಂಟ್ಸ್ ಜಾಗ

 

ನಾನು ರಾಯಚೂರು ಕಡೆಯವಳು. ನಮ್ಮಲ್ಲಿ ವರ್ಷಕ್ಕೆ ಬರೋ ಮಳೆ ಹೆಚ್ಚುಕಮ್ಮಿ 600 ಮಿ.ಮೀ. ಅವ್ವ ಎರೆಮಣ್ಣಲ್ಲಿ ಪುಂಡಿಪಲ್ಯದ ಬೀಜ ಚೆಲ್ಲಿ, ಸುತ್ತ ಒಡ್ಡು ಹಾಕಿ ನೀರು ನಿಲ್ಲಿಸ್ತಿದ್ದಳು. ಕೆಲಸದ ಮೇಲೆ ಉಡುಪಿ ಕಡೆ ಬಂದೆ. ಜಾತಿ ಕೇಳಿ ನಾಲ್ಕು ಮನೆ ತಪ್ಪಿದ ಮೇಲೆ ಐದನೇದು ಸಿಕ್ತು, ಹಿತ್ತಲ ಸಮೇತ. ಅವ್ವ ಮಾಡಿದ ಹಾಗೇ ಒಡ್ಡು ಹಾಕಿ ಬಿತ್ತಿದೆ. ಜೂನ್ ಮಳೆ ಹಿಡೀತು. ವಾರದಲ್ಲಿ ಬೀಜ ಎಲ್ಲಾ ಕೊಳೆತು ಹೋಯ್ತು.

ಪಕ್ಕದ ತೋಟದ ಕೆಲಸಕ್ಕೆ ಬರೋ ಅಮ್ಮ ಒಬ್ಬರು ಬೇಲಿ ಆಚೆಯಿಂದ ನೋಡಿ ನಕ್ಕರು. "ಎಂತ ಮಾರಾಯ್ತಿ, ಇಲ್ಲಿ ನೀರು ನಿಲ್ಲಿಸುದಲ್ಲ, ಬಿಡುದು!" ನಮ್ಮವರೇ. ಮಣ್ಣು ಏರಿಸಿ ದಿಬ್ಬ ಮಾಡೋದು ಅವರೇ ಕಲಿಸಿದ್ರು. ಬೇಸಿಗೆಯಲ್ಲಿ ತರಗೆಲೆ, ಮಣ್ಣು ಪದರ ಪದರವಾಗಿ ಒಟ್ಟಿ, ಉರಿ ಏಳದ ಹಾಗೆ ನಿಧಾನಕ್ಕೆ ಸುಟ್ಟು ಸುಡುಮಣ್ಣು ಮಾಡೋದು, ಹುಳ ಬಿದ್ದ ಎಲೆಗೆ ಬೂದಿ ಎರಚೋದು, ಮಳೆ ಇಳಿದ ಮೇಲೆ ಬಸಳೆ ದಂಟು ಊರೋದು, ಎಲ್ಲಾ ಅವರ ಪಾಠ.

ಮನೆ ಓನರಮ್ಮನೂ ಒಂದು ಪದ್ಧತಿ ಹೇಳಿದ್ರು. "ಮುಟ್ಟಾದಾಗ ಬಸಳೆ ಚಪ್ಪರದ ಹತ್ತಿರ ಹೋಗ್ಬೇಡಿ, ಬಾಡ್ತದೆ. ಕೆಲಸದವರ ಹತ್ರಾನೂ ಕೊಯ್ಯಿಸ್ಬೇಡಿ."

ಆ ದಂಟು ಊರಿದ್ದೇ ಕೆಲಸದವರ ಕೈ! ಸಸಿ ಹಾಕೋ ಪಾತಿಗೂ ಮಡಿ ಅಂತೀವಿ, ನಮ್ಮನ್ನ ದೂರ ಇಡೋದಕ್ಕೂ ಮಡಿ ಅಂತಾರೆ. ಮುಟ್ಟಿನ ಎರಡನೇ ದಿನ ಚಪ್ಪರದಿಂದ ಬಸಳೆ ಕೊಯ್ದು ಸಾರು ಮಾಡಿದೆ. ಬಳ್ಳಿ ಬಾಡಲಿಲ್ಲ, ಮತ್ತೆ ಚಿಗುರಿತು.

ಒಂದಿನ ಆ ಅಮ್ಮನ ಮನೆಗೆ ಹೋದೆ. ನಲವತ್ತು ವರ್ಷ ಬೇರೆಯವರ ಅಡಿಕೆ ತೋಟ ಸಾಕಿದವರು. ಸ್ವಂತಕ್ಕಿರೋದು ಮೂರು ಸೆಂಟ್ಸ್. ಅದರಲ್ಲಿ ಮನೆ ಕಟ್ಟಿದ ಮೇಲೆ ಉಳಿದಿರೋದು ಬಟ್ಟೆ ಒಣಗಿಸೋವಷ್ಟು ಜಾಗ. ಹರಿವೆ, ಅಲಸಂಡೆ ಎಲ್ಲಾ ಸಿಮೆಂಟ್ ಚೀಲದಲ್ಲಿ, ಒಡೆದ ಬಕೆಟ್‌ನಲ್ಲಿ ಬೆಳೀತಿದ್ರು. ಇಷ್ಟು ವಿದ್ಯೆ ಇರೋ ಕೈಗೆ ನೆಲ ಇಲ್ಲ.

ಬ್ರಿಟಿಷರ ಕಾಲದಲ್ಲಿ ದಲಿತರಿಗೆ ಅಂತ ಮೀಸಲಿಟ್ಟ ಜಮೀನಿಗೆ ಈ ಕಡೆ ಡಿಸಿ ಮನ್ನಾ ಅಂತಾರೆ. ಅದನ್ನ ನಮಗೆ ಹಂಚಿ ಅಂತ ದಕ್ಷಿಣ ಕನ್ನಡ, ಉಡುಪಿಯ ದಲಿತ ಸಂಘಟನೆಗಳು ವರ್ಷಗಟ್ಟಲೆ ಕೇಳ್ತಾನೇ ಇವೆ. ಆ ಬೇಡಿಕೆ ನಾನು ಕರಪತ್ರದಲ್ಲಿ ಎಷ್ಟೋ ಸಲ ಓದಿದ್ದೆ. ಅರ್ಥ ಆಗಿದ್ದು ಆ ಒಡೆದ ಬಕೆಟ್ ನೋಡಿದಾಗ.

ಈಗ ನನ್ನ ಹಿತ್ತಲಲ್ಲಿ ಅರ್ಧ ಅವರದ್ದು. ಆದ್ರೆ ಅದು ಬಾಡಿಗೆ ಮಣ್ಣು, ನಾಳೆ ನನ್ನನ್ನೇ ಖಾಲಿ ಮಾಡಿ ಅನ್ನಬಹುದು. ಅವರಿಗೆ ಬೇಕಿರೋದು ನನ್ನ ಉಪಕಾರ ಅಲ್ಲ, ಅವರ ಹೆಸರಿನ ಪಹಣಿ. ಅರ್ಜಿ ಬರೆದು ಕೊಟ್ಟಿದ್ದೀವಿ. ಹಿಂದೆ ಬಿದ್ದು ಕೇಳ್ತೀವಿ.

ಬಸಳೆ ದಂಟು ಬೇಕಾದವರು ಬನ್ನಿ, ಕಡಿದು ಕೊಡ್ತೀನಿ. ಯಾವತ್ತಾದ್ರೂ ಬನ್ನಿ, ಯಾರಾದ್ರೂ ಮುಟ್ಟಿ.

ಜೈ ಭೀಮ್.